ಒಂದು ಮೈಲಿಗೆ ಹತ್ತೊಂಬತ್ತೂವರೆ ಸೆಕೆಂಡು

ನ್ಯೂಜಿಲೆಂಡಿನ ದಕ್ಷಿಣದ ತುದಿಯಲ್ಲಿ ಇನ್ವರ್‌ಕಾರ್ಗಿಲ್ ಎಂಬ ಊರಿದೆ. ಅಲ್ಲಿ ಬರ್ಟ್ ಮನ್ರೋ ಎಂಬವರು ಒಂದು ಶೆಡ್ಡಿನಲ್ಲಿ ಬದುಕಿದರು. ಮಲಗುವುದೂ ಅಲ್ಲೇ, ಕೆಲಸವೂ ಅಲ್ಲೇ. ಶೆಡ್ಡಿನ ಗೋಡೆಗಿದ್ದ ಹಲಗೆಯ ಮೇಲೆ ಅವರು ಸಿಡಿದ ಪಿಸ್ಟನ್‌ಗಳನ್ನು, ಮುರಿದ ಕನೆಕ್ಟಿಂಗ್ ರಾಡುಗಳನ್ನು, ಬಿರುಕುಬಿಟ್ಟ ಬಿಡಿಭಾಗಗಳನ್ನು ಸಾಲಾಗಿ ಜೋಡಿಸಿಟ್ಟಿದ್ದರು. ‘ವೇಗದೇವರಿಗೆ ಅರ್ಪಣೆ’ ಎಂದು ಬರೆದೂ ಇಟ್ಟಿದ್ದರು. ಬೇರೆಯವರಾದರೆ ಗುಜರಿಗೆ ಹಾಕುತ್ತಿದ್ದ ಲೋಹ ಅದು. ಮನ್ರೋ ಅದನ್ನು ಜೋಪಾನ ಮಾಡಿದರು, ಏಕೆಂದರೆ ಅಲ್ಲಿದ್ದ ಒಂದೊಂದು ತುಂಡನ್ನೂ ಅವರೇ ಎರಕ ಹೊಯ್ದು, ಅರ ಹಾಕಿ ಉಜ್ಜಿ ಮಾಡಿದ್ದರು. ಅದು ಎಲ್ಲಿ, ಏಕೆ ಮುರಿಯಿತು ಎಂಬುದನ್ನೂ ಅವರೇ ಕಂಡುಕೊಂಡಿದ್ದರು.

ಹಳೆಯ ಮೋಟಾರ್‌ಸೈಕಲ್ ಏರಿ ವೇಗದ ದಾಖಲೆಯ ಬೆನ್ನು ಹತ್ತುವವರ ಲೋಕ ದೊಡ್ಡದು. ಅಲ್ಲಿ ಹಣವಂತರಿದ್ದಾರೆ, ಕಾರ್ಖಾನೆಗಳಿವೆ, ಹೆಸರಾಂತ ಸವಾರರಿದ್ದಾರೆ. ಆದರೂ ನನ್ನ ಮನಸ್ಸು ಮತ್ತೆ ಮತ್ತೆ ಹೋಗಿ ನಿಲ್ಲುವುದು ಆ ಹಲಗೆಯ ಮುಂದೆ. ಯಂತ್ರವೊಂದು ಕಾರ್ಖಾನೆಯ ಬಾಗಿಲು ದಾಟಿದ ದಿನ ಅದರ ಕಥೆ ಮುಗಿಯಿತು ಎಂದುಕೊಳ್ಳುತ್ತೇವೆ. ಆಮೇಲೆ ಉಳಿದದ್ದು ಸವಕಳಿ, ರಿಪೇರಿ, ಕೊನೆಗೆ ತುಕ್ಕು. ಅಕ್ಕರೆಯ ಕೈಗೆ ಸಿಕ್ಕರೆ ಯಂತ್ರವೂ ವಯಸ್ಸಾದಂತೆ ಬೆಳೆಯಬಲ್ಲದು ಎಂಬುದಕ್ಕೆ ನಾನು ಬಲ್ಲ ಅತ್ಯುತ್ತಮ ಸಾಕ್ಷಿ ಮನ್ರೋ ಅವರ ಇಂಡಿಯನ್ ಸ್ಕೌಟ್.

ಇಂಡಿಯನ್ ಎಂಬುದು ಅಮೆರಿಕದ ಮ್ಯಾಸಚೂಸೆಟ್ಸ್‌ನ ಸ್ಪ್ರಿಂಗ್‌ಫೀಲ್ಡ್‌ನಲ್ಲಿದ್ದ ಮೋಟಾರ್‌ಸೈಕಲ್ ಕಂಪನಿ. ಐರ್ಲೆಂಡಿನಿಂದ ಬಂದ ಚಾರ್ಲ್ಸ್ ಫ್ರಾಂಕ್ಲಿನ್ ಎಂಬ ಎಂಜಿನಿಯರ್ ಅದಕ್ಕಾಗಿ ಸ್ಕೌಟ್ ಅನ್ನು ರೂಪಿಸಿದರು. ಹದವಾದ ಗಾತ್ರದ, ಅಚ್ಚುಕಟ್ಟಾದ ಗಾಡಿ. ಸುಮಾರು 600 ಸಿಸಿಯ ಎಂಜಿನ್, 42 ಡಿಗ್ರಿ ಕೋನದಲ್ಲಿ ಕವಲೊಡೆದ ಎರಡು ಸಿಲಿಂಡರ್, ಮೂರು ಗೇರು. ಗೇರು ಬದಲಿಸುವುದು ಕೈಯಿಂದ, ಕ್ಲಚ್ ಒತ್ತುವುದು ಕಾಲಿನಿಂದ. ಎಂಜಿನ್ನಿನ ಶಕ್ತಿ ಗೇರ್‌ಬಾಕ್ಸಿಗೆ ಹೋಗಲು ಫ್ರಾಂಕ್ಲಿನ್ ಚೈನು ಬಳಸಲಿಲ್ಲ, ಓರೆ ಹಲ್ಲುಗಳ ಗೇರುಗಳನ್ನು ಕೂರಿಸಿದರು. ಮಾಡಲು ದುಬಾರಿ, ಆದರೆ ಬಾಳಿಕೆ ಹೆಚ್ಚು. 1920ರಲ್ಲಿ ಮನ್ರೋ ಈ ಗಾಡಿಯನ್ನು ಕೊಂಡರು. ಆಗ ಅವರಿಗೆ 21 ವರ್ಷ. ಹೊಸದರಲ್ಲಿ ಅದರ ಗರಿಷ್ಠ ವೇಗ ಗಂಟೆಗೆ 55 ಮೈಲಿ, ಎಂದರೆ 89 ಕಿಲೋಮೀಟರ್.

ಈ ಬಗೆಯ ಎಂಜಿನ್ನಿನ ಸದ್ದನ್ನು ಸ್ವಲ್ಪ ಹೊತ್ತು ನಿಂತು ಕೇಳಬೇಕು. ಎರಡೂ ಪಿಸ್ಟನ್‌ಗಳ ರಾಡುಗಳು ಒಂದೇ ಕ್ರ್ಯಾಂಕ್‌ಪಿನ್ನಿಗೆ ಸೇರಿರುವುದರಿಂದ ಎರಡು ಸಿಡಿತಗಳ ನಡುವಿನ ಅಂತರ ಸಮನಾಗಿರುವುದಿಲ್ಲ. ಒಂದು ಸಿಲಿಂಡರ್ ಸಿಡಿದ ಮೇಲೆ ಕ್ರ್ಯಾಂಕ್ 318 ಡಿಗ್ರಿ ತಿರುಗಿದಾಗ ಇನ್ನೊಂದು ಸಿಡಿಯುತ್ತದೆ. ಮತ್ತೆ ಮೊದಲನೆಯದರ ಸರದಿ ಬರಲು 402 ಡಿಗ್ರಿ ತಿರುಗಬೇಕು. ಹೆಚ್ಚುಕಡಿಮೆ ಮೂರು, ನಾಲ್ಕು, ಮೂರು, ನಾಲ್ಕು. ತಾಳ ಹಾಕಿ ಬಲ್ಲವರ ಕಿವಿಗೆ ಇದು ಮಿಶ್ರದ ನಡೆಯಂತೆ ಕೇಳುತ್ತದೆ. ನಾಲ್ಕು ಸಿಲಿಂಡರಿನ ಆಧುನಿಕ ಎಂಜಿನ್ ಒಂದೇ ಎಳೆಯಲ್ಲಿ ಕೂಗುತ್ತದೆ. ಇದು ಹಾಗಲ್ಲ, ಪ್ರತಿ ಸುತ್ತಿನಲ್ಲೂ ತೂಗುತ್ತದೆ, ತಡೆಯುತ್ತದೆ, ಮತ್ತೆ ಹಿಡಿಯುತ್ತದೆ. ಹಳೆಯ ಗಾಡಿಗಳ ಮೇಲೆ ಜನಕ್ಕಿರುವ ಮೋಹಕ್ಕೆ ಅರ್ಧ ಕಾರಣ ಈ ಲಯ.

ಮನ್ರೋ ಈ ಗಾಡಿಯನ್ನು ಇನ್ನೂ ವೇಗವಾಗಿ ಓಡಿಸಬೇಕೆಂದು ಹಟ ಹಿಡಿದರು. ಆ ಹಟ ಎಷ್ಟು ದೊಡ್ಡದು ಎಂಬುದು ಲೆಕ್ಕ ಹಾಕಿದರೆ ಮಾತ್ರ ತಿಳಿಯುತ್ತದೆ. ಗಾಳಿಯ ತಡೆ ವೇಗದ ವರ್ಗಕ್ಕೆ ತಕ್ಕಂತೆ ಏರುತ್ತದೆ. ಆ ತಡೆಯನ್ನು ಮೀರಲು ಬೇಕಾದ ಶಕ್ತಿ ವೇಗದ ಘನಕ್ಕೆ ತಕ್ಕಂತೆ ಏರುತ್ತದೆ. ವೇಗ ಎರಡು ಪಟ್ಟಾದರೆ ಶಕ್ತಿ ಎಂಟು ಪಟ್ಟು ಬೇಕು. ಮನ್ರೋ ಕೊನೆಗೆ ಮುಟ್ಟಿದ ವೇಗ ಮೂಲ ಗಾಡಿಯ ವೇಗಕ್ಕಿಂತ ಮೂರೂಕಾಲು ಪಟ್ಟಿಗೂ ಹೆಚ್ಚು. ಗಾಡಿಯ ಆಕಾರ ಮೊದಲಿನಂತೆಯೇ ಇದ್ದಿದ್ದರೆ ಅದಕ್ಕೆ ಬೇಕಾಗುತ್ತಿದ್ದುದು ಸುಮಾರು 37 ಪಟ್ಟು ಶಕ್ತಿ. ಸ್ಪ್ರಿಂಗ್‌ಫೀಲ್ಡ್‌ನಲ್ಲಿ ಆ ಎಂಜಿನ್ನನ್ನು ಜೋಡಿಸಿದವರು ಇಂಥದ್ದನ್ನು ಕನಸಿನಲ್ಲೂ ಕಂಡಿರಲಾರರು. ಹಾಗಾಗಿ ಮನ್ರೋ ಮುಂದೆ ಎರಡು ದಾರಿಗಳಿದ್ದವು. ಎಂಜಿನ್ನಿನಿಂದ ಹೆಚ್ಚು ಶಕ್ತಿ ಹಿಂಡಬೇಕು, ಗಾಳಿ ಸೀಳುವ ಮೈಯನ್ನು ನಯಗೊಳಿಸಬೇಕು. ಅವರು ಎರಡನ್ನೂ ಹಿಡಿದರು, ನಾಲ್ಕು ದಶಕಕ್ಕೂ ಹೆಚ್ಚು ಕಾಲ ಹಿಡಿದರು.

ಅವರ ಬಳಿ ದೊಡ್ಡ ಕಾರ್ಖಾನೆ ಇರಲಿಲ್ಲ, ಹಣವೂ ಇರಲಿಲ್ಲ. ಕರಗಿಸಿದ ಲೋಹವನ್ನು ಹಳೆಯ ಡಬ್ಬಗಳಲ್ಲಿ ಹೊಯ್ದು ಬಿಡಿಭಾಗಗಳನ್ನು ಎರಕ ತೆಗೆದರು. ಸಿಲಿಂಡರ್ ಬ್ಯಾರೆಲ್ಲುಗಳನ್ನು ಹಳೆಯ ಎರಕದ ಕಬ್ಬಿಣದ ಗ್ಯಾಸ್ ಕೊಳವೆಗಳಿಂದ ಕಡೆದರು. ಟ್ರ್ಯಾಕ್ಟರಿನ ಆಕ್ಸಲ್ ಉಕ್ಕನ್ನು ಕೈಯಿಂದ ಕೆತ್ತಿ, ಕಾಯಿಸಿ, ಹದಗೊಳಿಸಿ ಕನೆಕ್ಟಿಂಗ್ ರಾಡು ಮಾಡಿದರು. ಫ್ಲೈವೀಲುಗಳೂ ಸ್ವಂತದ್ದೇ. ಅಳತೆಗೆ ಮೈಕ್ರೋಮೀಟರಿನ ಬದಲು ಚಕ್ರದ ಹಳೆಯ ಸ್ಪೋಕ್ ಕಡ್ಡಿ. ಹಗಲು ಮೋಟಾರ್‌ಸೈಕಲ್ ಮಾರುವ ಕೆಲಸ, ರಾತ್ರಿ ಈ ಕೆಲಸ.

ಕನೆಕ್ಟಿಂಗ್ ರಾಡಿನ ವಿಷಯವನ್ನು ಹಾಗೇ ದಾಟಿ ಹೋಗಲು ನನಗೆ ಮನಸ್ಸು ಬಾರದು. ಪಿಸ್ಟನ್ ಪ್ರತಿ ಸುತ್ತಿಗೂ ಎರಡು ಸಲ ಪೂರ್ತಿ ನಿಲ್ಲುತ್ತದೆ, ಮತ್ತೆ ಎರಡು ಸಲ ಚಿಮ್ಮುತ್ತದೆ. ಅದನ್ನು ತಡೆದು ನಿಲ್ಲಿಸಿ ತಿರುಗಿಸುವ ಭಾರವೆಲ್ಲ ಈ ರಾಡಿನದು. ಎಂಜಿನ್ನಿನ ಸುತ್ತು ಎರಡು ಪಟ್ಟಾದರೆ ಈ ಎಳೆತ ನಾಲ್ಕು ಪಟ್ಟಾಗುತ್ತದೆ. ಉಕ್ಕಿನ ಮೈಯಲ್ಲಿ ಒಂದು ಗೀರು ಉಳಿದಿದ್ದರೂ ಸಾಕು, ಬಿರುಕು ಅಲ್ಲಿಂದಲೇ ಹುಟ್ಟುತ್ತದೆ. ರಾಡು ತುಂಡಾಯಿತೆಂದರೆ ಅದು ಎಂಜಿನ್ನಿನ ಹೊಟ್ಟೆ ಸೀಳಿ ಹೊರಬರುತ್ತದೆ. ಆದ್ದರಿಂದ ಅರ ಹಾಕಿ ಉಜ್ಜಿ ನುಣುಪು ಮಾಡಿದ್ದು ಅಲಂಕಾರಕ್ಕಲ್ಲ, ಆ ಹೊಳಪೇ ರಾಡಿನ ಆಯಸ್ಸು. ಬಡಗಿ, ಶಿಲ್ಪಿ, ನೇಕಾರರ ಕೈಯ ನಯವನ್ನು ಮೆಚ್ಚುವ ನಾವು ಈ ರಾಡನ್ನೂ ಅದೇ ಕಣ್ಣಿನಿಂದ ನೋಡಬೇಕು.

ಮೂಲ ಎಂಜಿನ್ನಿನಲ್ಲಿ ವಾಲ್ವುಗಳು ಸಿಲಿಂಡರಿನ ಪಕ್ಕದಲ್ಲಿದ್ದವು. ಇಂಧನ ಮತ್ತು ಗಾಳಿಯ ಮಿಶ್ರಣ ಬಳಸುದಾರಿ ಹಿಡಿದು ಒಳಗೆ ಬರಬೇಕಿತ್ತು. ಮನ್ರೋ ವಾಲ್ವುಗಳನ್ನು ಸಿಲಿಂಡರಿನ ನೆತ್ತಿಗೆ ಏರಿಸಿದರು. ಎರಡು ಕ್ಯಾಮ್ ಇದ್ದ ಕಡೆ ನಾಲ್ಕು ಕ್ಯಾಮ್ ಕೂರಿಸಿದರು. ಎಂಜಿನ್ನಿನ ಗಾತ್ರವನ್ನೂ ಹಿಗ್ಗಿಸುತ್ತ ಹೋದರು: 1962ರ ಹೊತ್ತಿಗೆ 850 ಸಿಸಿ, 1966ರಲ್ಲಿ 920, 1967ರಲ್ಲಿ 950. ಒಂದು ಭಾಗ ಬಲವಾದರೆ ಮುಂದಿನ ಭಾಗ ಸೋಲುತ್ತಿತ್ತು, ಅದನ್ನು ಬಲಪಡಿಸಿದರೆ ಅದರಾಚೆಯದು. ಹಲಗೆ ತುಂಬಿದ್ದು ಹೀಗೆ. 1938ರಲ್ಲೇ ಅವರು ನ್ಯೂಜಿಲೆಂಡಿನಲ್ಲಿ ತಮ್ಮ ಮೊದಲ ದಾಖಲೆ ಮಾಡಿದ್ದರು. ಊರ ಹತ್ತಿರದ ಒರೆಟಿ ಕಡಲತೀರದ ಗಟ್ಟಿ ಮರಳೇ ಅವರ ಅಭ್ಯಾಸದ ಅಂಗಳ. ಆದರೆ ಪೂರ್ತಿ ವೇಗ ಬಿಟ್ಟು ನೋಡಲು ಅಂಗಳ ಸಾಲದು, ಬಯಲೇ ಬೇಕು.

ಆ ಬಯಲು ಅಮೆರಿಕದ ಯೂಟಾ ರಾಜ್ಯದಲ್ಲಿದೆ, ವೆಂಡೋವರ್ ಊರಿನ ಬಳಿ. ಹೆಸರು ಬಾನ್ವಿಲ್. ಹಿಮಯುಗದಲ್ಲಿ ಅಲ್ಲೊಂದು ಭಾರಿ ಸರೋವರವಿತ್ತು. ಅದು ಬತ್ತಿ ಉಳಿದದ್ದು ಸುಮಾರು 30,000 ಎಕರೆ ಉಪ್ಪು. ಚಳಿಗಾಲದಲ್ಲಿ ಅದರ ಮೇಲೆ ತೆಳ್ಳಗೆ ನೀರು ನಿಲ್ಲುತ್ತದೆ. ಗಾಳಿ ಆ ನೀರನ್ನು ಅತ್ತಿತ್ತ ಓಡಾಡಿಸುತ್ತ ಉಪ್ಪಿನ ಮೈಯನ್ನು ಸಮ ಮಾಡುತ್ತದೆ. ಬೇಸಿಗೆಯಲ್ಲಿ ನೀರು ಆರಿದಾಗ ಬಿಳಿಯ ಗಟ್ಟಿ ಪದರ ಉಳಿಯುತ್ತದೆ. ವರ್ಷ ವರ್ಷವೂ ಪ್ರಕೃತಿಯೇ ಹೊಸದಾಗಿ ಹಾಸಿಕೊಡುವ ಓಟದ ದಾರಿ ಇದು. ಮರವಿಲ್ಲ, ತಿರುವಿಲ್ಲ, ದಾರಿಗಡ್ಡ ಬರುವ ಏನೂ ಇಲ್ಲ. ದೂರದ ಬೆಟ್ಟಗಳ ಬುಡ ಬಿಸಿಲಿನ ಅಲೆಯಲ್ಲಿ ಕರಗಿ, ಬೆಟ್ಟಗಳೇ ನೆಲ ಬಿಟ್ಟು ತೇಲಿದಂತೆ ಕಾಣುತ್ತವೆ. ಸವಾರನಿಗೆ ದಿಕ್ಕು ತಿಳಿಯಲೆಂದು ಬಿಳಿಯ ಮೇಲೆ ಒಂದು ಕಪ್ಪು ಗೆರೆ ಎಳೆದಿರುತ್ತಾರೆ.

ನೋಡಲು ಸರಳ, ಓಡಿಸಲು ಕಷ್ಟ. ಉಪ್ಪಿನ ಮೇಲೆ ಟೈರಿಗೆ ಡಾಂಬರಿನ ಹಿಡಿತ ಸಿಗದು. ಶಕ್ತಿ ಹೆಚ್ಚಾದರೆ ಚಕ್ರ ಅಲ್ಲಲ್ಲೇ ತಿರುಗಿ ಜಾರುತ್ತದೆ. ಬಯಲು ಸಮುದ್ರಮಟ್ಟದಿಂದ ಸುಮಾರು 1,280 ಮೀಟರ್ ಎತ್ತರದಲ್ಲಿದೆ. ಅಲ್ಲಿಯ ಗಾಳಿ ತೆಳು, ಆದ್ದರಿಂದ ತಡೆ ಕಡಿಮೆ. ಆದರೆ ಅದೇ ತೆಳು ಗಾಳಿಯಲ್ಲಿ ಆಮ್ಲಜನಕವೂ ಕಡಿಮೆ, ಎಂಜಿನ್ನಿನ ಉಸಿರು ಕಟ್ಟುತ್ತದೆ. ಕಡಲತೀರದಲ್ಲಿ ಹದ ಮಾಡಿದ ಕಾರ್ಬ್ಯುರೇಟರ್ ಇಲ್ಲಿ ಹದ ತಪ್ಪುತ್ತದೆ. ಅಲ್ಲಿ ಕಲಿತದ್ದನ್ನು ಇಲ್ಲಿ ಮತ್ತೆ ಮೊದಲಿನಿಂದ ಕಲಿಯಬೇಕು. ಮನ್ರೋ ಈ ಬಯಲಿಗೆ ಹತ್ತು ಸಲ ಹೋದರು, ಮೊದಲ ಸಲ ಬರೀ ನೋಡಿಬರಲು.

ಅಲ್ಲಿಯ ನಿಯಮ ನನಗೆ ತುಂಬ ಇಷ್ಟ. ಒಂದು ದಿಕ್ಕಿನಲ್ಲಿ ಓಡಿ ತೋರಿಸಿದರೆ ವಿಶ್ವದಾಖಲೆ ಆಗದು. ಎದುರು ದಿಕ್ಕಿನಿಂದ ಮತ್ತೆ ಓಡಬೇಕು, ಎರಡರ ಸರಾಸರಿಯನ್ನೇ ದಾಖಲೆಗೆ ಹಿಡಿಯುತ್ತಾರೆ. ಬೆನ್ನಿಗೆ ಬಂದ ಗಾಳಿ ಮರಳುವಾಗ ಎದೆಗೆ ಬರುತ್ತದೆ. ಅದೃಷ್ಟ ಕೊಟ್ಟದ್ದನ್ನು ಅದೃಷ್ಟವೇ ಕಸಿದುಕೊಂಡು, ಗಾಡಿಯ ನಿಜವಾದ ತಾಕತ್ತು ಮಾತ್ರ ಉಳಿಯುತ್ತದೆ. ಇನ್ನೂ ಒಂದು ಗುಣ ಈ ನಿಯಮದಲ್ಲಿದೆ. ಒಂದು ಓಟದಲ್ಲಿ ಎಲ್ಲವನ್ನೂ ಸುಟ್ಟುಕೊಂಡ ಎಂಜಿನ್ನಿಗೆ ಇಲ್ಲಿ ಬೆಲೆಯಿಲ್ಲ. ಓಡಿ, ಉಳಿದು, ಮತ್ತೆ ಓಡಬೇಕು.

1962ರಲ್ಲಿ, 63ನೆಯ ವಯಸ್ಸಿನಲ್ಲಿ, ಮನ್ರೋ 883 ಸಿಸಿ ವರ್ಗದಲ್ಲಿ ಗಂಟೆಗೆ 178.95 ಮೈಲಿ ವೇಗದ ದಾಖಲೆ ಮಾಡಿದರು. 288 ಕಿಲೋಮೀಟರ್. 1966ರಲ್ಲಿ 1000 ಸಿಸಿ ವರ್ಗದಲ್ಲಿ 168.07 ಮೈಲಿ. 1967ರಲ್ಲಿ ಅದೇ ವರ್ಗದಲ್ಲಿ 183.59 ಮೈಲಿ. ಆ ವರ್ಷದ ಅರ್ಹತಾ ಓಟದಲ್ಲಿ ಒಂದು ದಿಕ್ಕಿಗೆ 190.07 ಮೈಲಿ, ಎಂದರೆ 305 ಕಿಲೋಮೀಟರಿಗೂ ಮೇಲೆ ಹೋದರು. ಆಗ ಅವರಿಗೆ 68, ಗಾಡಿಗೆ 47. ದಾಖಲೆಯ ವೇಗದಲ್ಲಿ ಒಂದು ಮೈಲಿ ದಾಟಲು ಸುಮಾರು ಹತ್ತೊಂಬತ್ತೂವರೆ ಸೆಕೆಂಡು ಸಾಕು. ಆ ಹತ್ತೊಂಬತ್ತೂವರೆ ಸೆಕೆಂಡಿನೊಳಗೆ ಶೆಡ್ಡಿನ ನಾಲ್ಕು ದಶಕದ ರಾತ್ರಿಗಳು ಸೇರಿಕೊಂಡಿವೆ.

ಗಾಳಿ ಸೀಳಲು ಮನ್ರೋ ಗಾಡಿಗೆ ಮೀನಿನಾಕಾರದ ಮೈಗವಚ ತೊಡಿಸಿದ್ದರು. ಸವಾರ ಅದರೊಳಗೆ ಬಹುಮಟ್ಟಿಗೆ ಕವುಚಿ ಮಲಗಬೇಕು. ಇಂಥ ಕವಚದಲ್ಲಿ ಒಂದು ಅಪಾಯವಿದೆ. ಗಾಳಿಯ ಒತ್ತಡ ಬೀಳುವ ಕೇಂದ್ರ ಗಾಡಿಯ ತೂಕದ ಕೇಂದ್ರಕ್ಕಿಂತ ಮುಂದಿದ್ದರೆ, ಪಕ್ಕದಿಂದ ಬಂದ ಸಣ್ಣ ಬೀಸೂ ಮೂತಿಯನ್ನು ಓರೆಗೆ ತಳ್ಳುತ್ತದೆ. ಓರೆಯಾದಷ್ಟೂ ತಳ್ಳುವಿಕೆ ಹೆಚ್ಚುತ್ತದೆ. 1967ರ ಒಂದು ಓಟದ ನಡುವೆ ಗಾಡಿ ಹೀಗೆ ತೊನೆಯತೊಡಗಿತು. ವೇಗ ಇಳಿಸಲು ಮನ್ರೋ ಕವಚದಿಂದ ಎದೆ ಎತ್ತಿ ಕುಳಿತರು. ಗಾಳಿ ಕನ್ನಡಕವನ್ನು ಕಿತ್ತೊಯ್ದಿತು, ಕಣ್ಣು ಕಾಣದಾಯಿತು. ಕಪ್ಪು ಗೆರೆಯಿಂದ ಬಹಳ ದೂರ ಸರಿದಿದ್ದ ಗಾಡಿ ಗುರುತಿನ ಉಕ್ಕಿನ ಗೂಟವೊಂದನ್ನು ಇಂಚುಗಳ ಅಂತರದಲ್ಲಿ ತಪ್ಪಿಸಿಕೊಂಡಿತು. ಕೊನೆಗೆ ಅವರು ಗಾಡಿಯನ್ನು ಉಪ್ಪಿನ ಮೇಲೆ ಮಲಗಿಸಿ ಜಾರಿಸಿ ನಿಲ್ಲಿಸಿದರು. ಮೈಮೇಲೆ ಗೀರುಗಳಷ್ಟೇ ಉಳಿದವು. 68ರ ವಯಸ್ಸಿನಲ್ಲಿ ಇದನ್ನು ಧೈರ್ಯ ಎನ್ನಬಹುದು. ಆದರೆ ಆ ಗಳಿಗೆಯಲ್ಲೂ ಗಾಡಿ ಏನು ಮಾಡುತ್ತಿದೆ ಎಂದು ಮೈಯಿಂದಲೇ ಓದಬಲ್ಲ ಅರಿವು ಧೈರ್ಯಕ್ಕಿಂತ ಅಪರೂಪ. ತಾನೇ ಕಡೆದ ಯಂತ್ರದ ಮೇಲೆ ಕುಳಿತವರಿಗೆ ಮಾತ್ರ ಅದು ದಕ್ಕುತ್ತದೆ.

ಇದೇ ಬಯಲಿನಲ್ಲಿ ಅದಕ್ಕೂ ಮೊದಲು ನಡೆದ ಇನ್ನೊಂದು ಓಟವನ್ನು ಬಿಟ್ಟು ಈ ಮಾತು ಪೂರ್ತಿಯಾಗದು. 1948ರ ಸೆಪ್ಟೆಂಬರ್ 13. ಸವಾರ ರೋಲಿ ಫ್ರೀ, ಗಾಡಿ ಇಂಗ್ಲೆಂಡಿನ ವಿನ್ಸೆಂಟ್ ಎಚ್‌ಆರ್‌ಡಿ, 998 ಸಿಸಿ. 1937ರಲ್ಲಿ ಜೋ ಪೆಟ್ರಾಲಿ ಹಾರ್ಲೆ ಡೇವಿಡ್‌ಸನ್ ಏರಿ ಡೇಟೋನಾ ಕಡಲತೀರದಲ್ಲಿ ಮಾಡಿದ್ದ 136.183 ಮೈಲಿಯ ಅಮೆರಿಕನ್ ದಾಖಲೆಯನ್ನು ಮುರಿಯುವುದು ಗುರಿ. ಫ್ರೀ ಸೀಟಿನ ಮೇಲೆ ಕೂರುವುದನ್ನೇ ಬಿಟ್ಟು ಹಿಂದಿನ ಚಕ್ರದ ಮೇಲೆ ಹೊಟ್ಟೆಯೂರಿ ಮಲಗಿ, ಕಾಲುಗಳನ್ನು ಹಿಂದಕ್ಕೆ ನೀಡಿ ಓಡಿಸಿದರು. ಹಳೆಯ ದಾಖಲೆ ಮುರಿಯಿತು, ಆದರೆ 150 ಮೈಲಿಗೆ ಸ್ವಲ್ಪ ಕಡಿಮೆಯಾಯಿತು. ತೊಟ್ಟಿದ್ದ ಚರ್ಮದ ಉಡುಪು ಗಾಳಿಗೆ ಹರಿದಿತ್ತು. ಫ್ರೀ ಅದನ್ನು ಕಳಚಿ ಎಸೆದರು. ಈಜುಚಡ್ಡಿ, ಈಜುವವರ ಟೋಪಿ, ಯಾರದೋ ಕ್ಯಾನ್ವಾಸ್ ಬೂಟು, ಇಷ್ಟನ್ನೇ ಉಳಿಸಿಕೊಂಡು ಮತ್ತೆ ಓಡಿದರು. 150.313 ಮೈಲಿ, ಸುಮಾರು 242 ಕಿಲೋಮೀಟರ್.

ಆ ಓಟದ ಛಾಯಾಚಿತ್ರ ಮೋಟಾರ್‌ಸೈಕಲ್ ಚರಿತ್ರೆಯಲ್ಲೇ ಅತ್ಯಂತ ಹೆಸರಾದದ್ದು. ಕೆಳಗೆ ಬಿಳಿ ಉಪ್ಪು, ಅದರ ಮೇಲೆ ಕಪ್ಪು ಗಾಡಿ, ಗಾಡಿಗೆ ಸಮಾನಾಂತರವಾಗಿ ಗೆರೆ ಎಳೆದಂತೆ ಚಾಚಿದ ಬರಿಮೈ. ಬಿದ್ದಿದ್ದರೆ ಉಪ್ಪು ಚರ್ಮ ಸುಲಿಯುತ್ತಿತ್ತು. ಆ ಭಯ ಚಿತ್ರದಲ್ಲಿ ಎಲ್ಲೂ ಕಾಣುವುದಿಲ್ಲ. ಕಾಣುವುದು ಪೂರ್ಣ ಏಕಾಗ್ರತೆ. ಗಾಡಿಯನ್ನು ಇನ್ನು ತಿದ್ದಲಾಗದು ಎನಿಸಿದಾಗ ಆ ಮನುಷ್ಯ ತನ್ನ ದೇಹವನ್ನೇ ತಿದ್ದಿಕೊಂಡರು. ಫಿಲ್ ವಿನ್ಸೆಂಟ್ ಮತ್ತು ಫಿಲ್ ಇರ್ವಿಂಗ್ ರೂಪಿಸಿದ ಆ ಎಂಜಿನ್ನಿನ ಸಿಲಿಂಡರುಗಳ ನಡುವಿನ ಕೋನ 50 ಡಿಗ್ರಿ. ಸಿಡಿತಗಳ ಅಂತರ 310 ಮತ್ತು 410. ಮೂರು, ನಾಲ್ಕರ ಲೆಕ್ಕಕ್ಕೆ ಸ್ಕೌಟ್‌ಗಿಂತಲೂ ಹತ್ತಿರ.

ಮನ್ರೋ ಬದುಕನ್ನು ನೋಡಬೇಕೆನ್ನುವವರಿಗೆ ಚಲನಚಿತ್ರವಿದೆ. ರೋಜರ್ ಡೊನಾಲ್ಡ್‌ಸನ್ 1971ರಲ್ಲೇ ಅವರ ಮೇಲೆ ಸಾಕ್ಷ್ಯಚಿತ್ರ ಮಾಡಿದ್ದರು. ಆ ವಿಷಯ ಅವರನ್ನು ಬಿಡಲಿಲ್ಲ. 2005ರಲ್ಲಿ ಆಂಥನಿ ಹಾಪ್ಕಿನ್ಸ್ ಅವರನ್ನು ಮನ್ರೋ ಪಾತ್ರದಲ್ಲಿ ನಿಲ್ಲಿಸಿ ‘ದಿ ವರ್ಲ್ಡ್ಸ್ ಫಾಸ್ಟೆಸ್ಟ್ ಇಂಡಿಯನ್’ ತೆಗೆದರು. ಹಲವು ವರ್ಷಗಳ ಯಾತ್ರೆಗಳನ್ನು ಒಂದೇ ಯಾತ್ರೆಯಾಗಿ ಹೊಲಿದಿರುವ ಕಥೆ ಅದು. ಚರಿತ್ರೆಗೆ ಅಷ್ಟರಮಟ್ಟಿಗೆ ಸಡಿಲು ಕೊಟ್ಟರೂ, ಎರಕ ಹೊಯ್ಯುವ ಕೈಯನ್ನು, ಲೋಹದ ಮೇಲೆ ಅರ ಓಡುವುದನ್ನು ಕ್ಯಾಮೆರಾ ಅವಸರವಿಲ್ಲದೆ ನೋಡುತ್ತದೆ. ಅದಕ್ಕಾಗಿ ಆ ಚಿತ್ರದ ಮೇಲೆ ನನಗೆ ಗೌರವ.

ಇಂದಿಗೂ ಬಾನ್ವಿಲ್‌ನಲ್ಲಿ ಹಳೆಯ ಎಂಜಿನ್‌ಗಳಿಗೆ ಪ್ರತ್ಯೇಕ ವರ್ಗಗಳಿವೆ. 1949ರಲ್ಲಿ ಆರಂಭವಾದ ‘ಸ್ಪೀಡ್ ವೀಕ್’ಗೆ ಆಗಸ್ಟ್ ತಿಂಗಳಲ್ಲಿ ಜನ ತಾತನ ಕಾಲದ ಗಾಡಿಗಳನ್ನು ಹೊತ್ತು ತರುತ್ತಾರೆ, ಓಡಿಸುತ್ತಾರೆ, ಸಂಜೆ ಕೂತು ಮೂಲೆ ಮೂಲೆಯಿಂದ ಉಪ್ಪು ತೊಳೆಯುತ್ತಾರೆ. ತೊಳೆಯದಿದ್ದರೆ ತುಕ್ಕು ತಿನ್ನುತ್ತದೆ. ಬಹುಮಾನದ ಹಣಕ್ಕೆ ಯಾರೂ ಬರುವುದಿಲ್ಲ. ಆದರೆ ಕಾಲ ಕಳೆದಂತೆ ಉಪ್ಪಿನ ಪದರವೇ ತೆಳುವಾಗಿದೆ, ಬಯಲು ಕುಗ್ಗಿದೆ. ಹತ್ತಿರದ ಪೊಟ್ಯಾಷ್ ಗಣಿಗಾರಿಕೆಯಲ್ಲಿ ಉಪ್ಪುನೀರು ಹೊರಹೋಗಿದ್ದು ಇದಕ್ಕೊಂದು ಕಾರಣವೆಂದು ಬಹುಕಾಲದಿಂದ ಚರ್ಚೆಯಾಗಿದೆ. ಉಪ್ಪುನೀರನ್ನು ಮರಳಿ ಬಯಲಿಗೆ ಹಾಯಿಸುವ ಕೆಲಸ 1990ರ ದಶಕದಲ್ಲಿ ಶುರುವಾಯಿತು. ಆದರೂ 2014ರಲ್ಲಿ ಮಳೆಯಿಂದ, 2015ರಲ್ಲಿ ಉಪ್ಪಿನ ಕೆಟ್ಟ ಸ್ಥಿತಿಯಿಂದ ಸ್ಪೀಡ್ ವೀಕ್ ನಡೆಯಲಿಲ್ಲ. ಸಾವಿರಾರು ವರ್ಷಗಳಲ್ಲಿ ಕಟ್ಟಿದ ನೆಲ ಒಂದು ಶತಮಾನದಲ್ಲಿ ಸವೆಯುವುದನ್ನು ನೋಡಿಕೊಂಡು ಸುಮ್ಮನಿರುವುದು ಸಲ್ಲದು. ಈ ಕಲೆಗೆ ಬೇರೆ ಅಂಗಳಗಳು ಬಹಳ ಇಲ್ಲ.

ಮನ್ರೋ 1978ರ ಜನವರಿಯಲ್ಲಿ ತೀರಿಕೊಂಡರು. ಗಾಡಿ ಇಂದು ಇನ್ವರ್‌ಕಾರ್ಗಿಲ್‌ನ ಇ. ಹೇಯ್ಸ್ ಹಾರ್ಡ್‌ವೇರ್ ಅಂಗಡಿಯಲ್ಲಿದೆ. ಉಪಕರಣ ಕೊಳ್ಳಲು ಬಂದವರು ನೋಡುವಂತೆ ಅದನ್ನು ಇಟ್ಟಿದ್ದಾರೆ, ಅದಕ್ಕಿಂತ ತಕ್ಕ ಜಾಗ ನನಗೆ ತೋಚುವುದಿಲ್ಲ. ವೇಗದಲ್ಲಿ ಅದನ್ನು ಮೀರಿಸಿದ ಗಾಡಿಗಳು ಎಷ್ಟೋ ಬಂದಿವೆ. ಅಂಗಡಿಯಿಂದ ಕೊಂಡು ತಂದ ಇಂದಿನ ಮೋಟಾರ್‌ಸೈಕಲ್ಲೇ ಆ ವೇಗದ ಹತ್ತಿರ ಹೋಗಬಲ್ಲದು. ಆದರೆ 89 ಕಿಲೋಮೀಟರಿನ ಒಂದು ಗಾಡಿಯನ್ನು ಒಬ್ಬನೇ ಮನುಷ್ಯ ತನ್ನ ಕೈಯಿಂದ, ತನ್ನ ಆಯಸ್ಸಿನುದ್ದಕ್ಕೂ ಬೆಳೆಸಿ 296ಕ್ಕೆ ಮುಟ್ಟಿಸಿದ್ದಕ್ಕೆ ಸಾಟಿಯಾದದ್ದು ಯಂತ್ರಗಳ ಚರಿತ್ರೆಯಲ್ಲಿ ನನಗೆ ಬೇರೆ ಸಿಕ್ಕಿಲ್ಲ. 1967ರ ಓಟದ ಸರಾಸರಿ ತೆಗೆಯುವಾಗ ಲೆಕ್ಕ ತಪ್ಪಿತ್ತು ಎಂಬುದನ್ನು ಅವರ ಮಗ ಜಾನ್ ಗುರುತಿಸಿದರು. 2014ರಲ್ಲಿ, ಮನ್ರೋ ತೀರಿಕೊಂಡು 36 ವರ್ಷಗಳಾದ ಮೇಲೆ, ಅಮೆರಿಕನ್ ಮೋಟಾರ್‌ಸೈಕ್ಲಿಸ್ಟ್ ಅಸೋಸಿಯೇಷನ್ ದಾಖಲೆಯನ್ನು 183.59ರಿಂದ 184.087 ಮೈಲಿಗೆ ತಿದ್ದಿತು.